ಮುಂಗಡ ಸಹಿ

ಬೆಳಗಿನ ಒಂಬತ್ತೂವರೆಗೆ ಆ ಲಿಫ್ಟ್ ರಿಪೇರಿ ಕಂಪನಿಯ ಆಫೀಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಟೂಲ್ ಬ್ಯಾಗುಗಳು, ತಂತಿಹಗ್ಗದ ಸುರುಳಿಗಳು, ಚಹಾದ ಲೋಟಗಳು, ಯಾವ ಕಟ್ಟಡಕ್ಕೆ ಯಾರು ಹೋಗಬೇಕೆಂಬ ದಿನನಿತ್ಯದ ಜಗಳ. ಆ ಬುಧವಾರ ಮಾತ್ರ ಹದಿನೆಂಟು ಮೆಕ್ಯಾನಿಕ್‌ಗಳೂ ಹೊರಗೆ ಫುಟ್‌ಪಾತಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು. ಒಳಗೆ ಒಡತಿಯ ಮೇಜಿನ ಮೇಲೆ ಒಂದು ಹಳದಿ ಕಾರ್ಡು ಬಿದ್ದಿತ್ತು.

ಹಿಂದಿನ ಸಂಜೆ, ಇವರು ನೋಡಿಕೊಳ್ಳುತ್ತಿದ್ದ ಒಂದು ಕಟ್ಟಡದಲ್ಲಿ, ನಾಲ್ಕನೇ ಮಹಡಿಯ ದರ್ಜಿ ಹೆಂಗಸು ಹೊಲಿದ ಬಟ್ಟೆ ಕೊಡಲೆಂದು ಮೂರನೇ ಮಹಡಿಯಲ್ಲಿ ಲಿಫ್ಟಿನಿಂದ ಇಳಿಯುತ್ತಿದ್ದಳು. ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ. ಬಾಗಿಲು ತೆರೆದಿದ್ದಂತೆಯೇ ಲಿಫ್ಟು ಕೆಳಕ್ಕೆ ಜಾರಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತೆಂದು ಬೆಳಗ್ಗೆ ಆಸ್ಪತ್ರೆಯಿಂದ ಸುದ್ದಿ ಬಂದಿತ್ತು.

ಅಪಘಾತದ ಸುದ್ದಿ ಕಿವಿಗೆ ಬಿದ್ದೊಡನೆ ಹಿರಿಯ ಮೆಕ್ಯಾನಿಕ್ ಗ್ರೀಸಪ್ಪ ಎಲ್ಲರಿಗಿಂತ ಮೊದಲು ಆ ಕಟ್ಟಡದ ಮೋಟಾರ್ ರೂಮಿಗೆ ಹತ್ತಿ, ಮೊಳೆಗೆ ತೂಗುಹಾಕಿದ್ದ ಕಾರ್ಡನ್ನು ಬ್ಯಾಗಿಗೆ ತುರುಕಿ ತಂದಿದ್ದ. ಅವನ ನಿಜವಾದ ಹೆಸರು ಅವನಿಗೇ ಮರೆತುಹೋಗಿದೆ ಎಂದು ಹುಡುಗರು ತಮಾಷೆ ಮಾಡುತ್ತಿದ್ದರು. ಇವತ್ತು ತಮಾಷೆ ಮಾಡುವವರು ಯಾರೂ ಇರಲಿಲ್ಲ.

ತಿಂಗಳಿಗೊಮ್ಮೆ ಲಿಫ್ಟನ್ನು ಪರೀಕ್ಷಿಸಿ, ಬ್ರೇಕು, ಹಗ್ಗ, ಬಾಗಿಲು ಎಂದು ಕಾರ್ಡಿನ ಹದಿನಾಲ್ಕು ಚೌಕಗಳಿಗೆ ಗುರುತು ಹಾಕಿ ಮೆಕ್ಯಾನಿಕ್ ಸಹಿ ಮಾಡಬೇಕು. ಪಕ್ಕದಲ್ಲಿ ಒಡತಿಯ ಸಹಿ. ಆದರೆ ಅವಳ ಅಪ್ಪನ ಕಾಲದಿಂದ ಇಲ್ಲಿನ ಪದ್ಧತಿಯೇ ಬೇರೆ. ಒಮ್ಮೆ ಹೋದಾಗಲೇ ಮುಂದಿನ ತಿಂಗಳದ್ದನ್ನೂ ಬರೆದುಬಿಡುವುದು. ಮೆಟ್ಟಿಲು ಹತ್ತುವ ಶ್ರಮ ಉಳಿಯಿತಲ್ಲ! ಇದಕ್ಕೆ ಅವರು ಮುಂಗಡ ಸಹಿ ಎನ್ನುತ್ತಿದ್ದರು. ಅದು ಸುಳ್ಳೆಂದು ಯಾರಿಗೂ ಅನಿಸಿರಲಿಲ್ಲ. ಕಾರ್ಡುಗಳ ಕಟ್ಟು ಆಫೀಸಿಗೆ ಬಂದಾಗ ಒಡತಿಯೂ ಫೋನನ್ನು ಕಿವಿಗಿಟ್ಟುಕೊಂಡೇ ಸಾಲಾಗಿ ಗೀಚುತ್ತಿದ್ದಳು.

ಇವತ್ತು ತಾರೀಖು ಹದಿನಾಲ್ಕು. ಕಾರ್ಡಿನ ಕೊನೆಯ ಸಾಲಿನಲ್ಲಿದ್ದದ್ದು ಇದೇ ತಿಂಗಳ ಇಪ್ಪತ್ತೆಂಟು. ಬ್ರೇಕು ಸರಿಯಿದೆ. ಎದುರಿಗೆ ಎರಡು ಸಹಿ.

"ಅಕ್ಕ, ಕೇಳಿಲ್ಲಿ," ಎಂದ ಒಡತಿಯ ತಮ್ಮ. ಕಂಪನಿಗೆ ಕೆಲಸ ಹಿಡಿದು ತರುವ, ಜನರ ಹತ್ತಿರ ಮಾತಾಡುವ ಹೊಣೆ ಅವನದು. "ಸರ್ಕಾರದ ಲಿಫ್ಟ್ ಇನ್‌ಸ್ಪೆಕ್ಟರ್ ಬರೋದು ಮೂರು ಗಂಟೆಗೆ. ಹೊಸ ಕಾರ್ಡ್ ಬರೆಯೋಣ, ಹೋದ ತಿಂಗಳವರೆಗೆ ಮಾತ್ರ. ಮೊನ್ನೆ ಆ ಕಟ್ಟಡದ ವಾಚ್‌ಮನ್ ಲಿಫ್ಟಲ್ಲಿ ಕಬ್ಬಿಣದ ಬೀರು ಸಾಗಿಸಿದಾನೆ. ನೋಡಿದವರು ಇದ್ದಾರೆ. ಭಾರ ಜಾಸ್ತಿ ಆಯ್ತು, ಬ್ರೇಕ್ ಹೋಯ್ತು. ಅಲ್ಲಿಗೆ ಮುಗೀತು."

ಅವಳು ಗ್ರೀಸಪ್ಪನ ಕಡೆ ತಿರುಗಿದಳು. "ಬೀರು ಭಾರಕ್ಕೇ ಹೋಯ್ತಾ ಮಾಮ?"

ಗ್ರೀಸಪ್ಪ ತನ್ನ ಕಪ್ಪು ಉಗುರುಗಳನ್ನೇ ನೋಡುತ್ತಿದ್ದ. "ಇಲ್ಲಮ್ಮ. ಬ್ರೇಕಿನ ಪಟ್ಟಿ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗ್ತಿತ್ತು. ನಾಲ್ಕು ತಿಂಗಳಾಯ್ತು ನಾನು ಅದರ ಮುಚ್ಚಳ ಬಿಚ್ಚಿ. ಮಂಡಿ ನೋವು ಅಂತ ಕೆಳಗೇ ನಿಂತು ಸದ್ದು ಕೇಳಿ, ಸರಿಯಿದೆ ಅಂದ್ಕೊಂಡೆ." ಅವನು ಉಗುರುಗಳನ್ನು ಅಂಗೈಯೊಳಗೆ ಮಡಚಿಕೊಂಡ. "ನನ್ನ ಹೆಸರು ಹೇಳಿಬಿಡಿ. ವಯಸ್ಸಾದವನು, ಜೈಲಲ್ಲಿದ್ರೇನು, ಎಲ್ಲಿದ್ರೇನು."

"ಎರಡು ಸಹಿ ಇದೆ ಮಾಮ," ಎಂದಳು ಅವಳು.

"ಅದಕ್ಕೇ ಹೇಳ್ತಿರೋದು!" ತಮ್ಮ ಮೇಜು ಬಡಿದ. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಮೂವತ್ತು ವರ್ಷ ಅಪ್ಪ ಕಟ್ಟಿದ ಹೆಸರು ಅಕ್ಕ ಇದು. ಹೊರಗೆ ನಿಂತಿರೋ ಹದಿನೆಂಟು ಜನರ ಮನೆ ಒಲೆ ಆರಿಸ್ತೀಯಾ? ವಾಚ್‌ಮನ್‌ಗೇನು, ಇಲ್ಲಿ ಕೆಲಸ ಹೋದ್ರೆ ಇನ್ನೊಂದು ಕಡೆ ಸಿಗುತ್ತೆ."

ತಮ್ಮ ಕೆಟ್ಟವನಲ್ಲ. ಅಪ್ಪ ಹಾಸಿಗೆ ಹಿಡಿದಾಗ ಕಟ್ಟಡದಿಂದ ಕಟ್ಟಡಕ್ಕೆ ಅಲೆದು ಒಂದೇ ಒಂದು ಗುತ್ತಿಗೆಯೂ ಕೈತಪ್ಪದಂತೆ ಕಾಪಾಡಿದವನು ಅವನೇ. ನಿಜ ಹೇಳಬೇಕೆಂದರೆ ಅವನ ಮಾತು ಅವಳಿಗೆ ಹಿತವಾಗಿಯೇ ಕೇಳಿಸಿತು. ಡ್ರಾಯರ್ ಎಳೆದು ಖಾಲಿ ಕಾರ್ಡೊಂದನ್ನು ಹೊರಗಿಟ್ಟಳು. ಪೆನ್ನಿನ ಮುಚ್ಚಳವನ್ನೂ ತೆಗೆದಳು.

ಆಗ ಬಾಗಿಲ ಬಳಿ ಯಾರೋ ಕೆಮ್ಮಿದರು. ಅದೇ ಕಟ್ಟಡದ ವಾಚ್‌ಮನ್. ಅಂಗಿಯ ಮೇಲೆ ಒಣಗಿದ ರಕ್ತ ಹಾಗೆಯೇ ಇತ್ತು. ದರ್ಜಿಯನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿದವನು ಅವನೇ.

"ಸ್ಟೇಷನ್ನಿಂದ ಬರ್ತಾ ಇದೀನಮ್ಮ," ಎಂದ. "ಬೀರು ಹತ್ತಿಸಿದ್ಯಾ ಅಂದ್ರು, ಹೌದು ಅಂದೆ. ಇರೋದನ್ನ ಇಲ್ಲ ಅನ್ನೋಕಾಗುತ್ತಾ? ಆದ್ರೆ ರಾತ್ರಿಯಿಂದ ಒಂದೇ ಯೋಚನೆ. ಆಯಮ್ಮನ ಕಾಲು ಹೋಗಿದ್ದು ನನ್ನಿಂದಾನಾ? ನಿಮಗೆ ಲಿಫ್ಟಿನ ವಿಷಯ ಗೊತ್ತು. ನೀವು ಹೇಳಿದ್ರೆ ಒಪ್ಕೋತೀನಿ."

ಅವನ ದನಿಯಲ್ಲಿ ಆರೋಪವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಹೌದು ಎಂಬ ಒಂದು ಮಾತು ಸಾಕಿತ್ತು. ಆ ಮನುಷ್ಯ ಅದನ್ನು ಹೊತ್ತುಕೊಂಡು ಮನೆಗೆ ಹೋಗಿ, ಸಾಯುವವರೆಗೂ ಹೊರುತ್ತಿದ್ದ. ಒಡತಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ನಿಮ್ಮಿಂದ ಅಲ್ಲ," ಎಂದಳು. "ನಮ್ಮಿಂದ."

ತಮ್ಮ ಕಣ್ಣು ಮುಚ್ಚಿಕೊಂಡ. ವಾಚ್‌ಮನ್ ಮೆಟ್ಟಿಲ ಮೇಲೆಯೇ ಕುಸಿದು ಕುಳಿತು, ದೊಡ್ಡ ದನಿಯಲ್ಲಿ ಅತ್ತ.

ಅವಳು ಖಾಲಿ ಕಾರ್ಡನ್ನು ಒಳಗಿಟ್ಟು ಫುಟ್‌ಪಾತಿಗೆ ಬಂದಳು. "ನಾವು ನೋಡ್ಕೊಳ್ಳೋ ನಲವತ್ತಮೂರು ಲಿಫ್ಟನ್ನೂ ಈಗಲೇ ನಿಲ್ಲಿಸಿ. ಒಂದೊಂದರ ಬ್ರೇಕಿನ ಮುಚ್ಚಳವನ್ನೂ ಬಿಚ್ಚಿ ನೋಡಬೇಕು. ಜನ ಬಯ್ತಾರೆ, ಬೈಸಿಕೊಳ್ಳಿ. ನಾನೂ ಬರ್ತೀನಿ."

"ಏನಂತ ಬೋರ್ಡ್ ಹಾಕೋದು ಅಕ್ಕಾ?" ಎಂದು ಒಬ್ಬ ಕೇಳಿದ.

"ನಾವು ಪರೀಕ್ಷೆ ಮಾಡದೆ ಸಹಿ ಹಾಕಿದ್ದೆವು ಅಂತ. ಕೆಳಗೆ ನನ್ನ ನಂಬರ್."

ಮೂರು ಗಂಟೆಗೆ ಇನ್‌ಸ್ಪೆಕ್ಟರ್ ಬಂದಾಗ ಅವಳೇ ಹಳದಿ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಆತ ತಾರೀಖು ನೋಡಿ ತಲೆಯೆತ್ತಿ ಅವಳನ್ನು ನೋಡಿದ. ಸಂಜೆಯೊಳಗೆ ಪರವಾನಗಿ ಅಮಾನತಾಯಿತು, ಅವಳ ಮೇಲೂ ಗ್ರೀಸಪ್ಪನ ಮೇಲೂ ಕೇಸು ದಾಖಲಾಯಿತು. ಮರುದಿನ ಪೇಪರಿನಲ್ಲಿ ಅಪ್ಪನ ಹೆಸರಿದ್ದ ಬೋರ್ಡಿನ ಫೋಟೋ ಬಂತು. ಫೋನಿನಲ್ಲಿ ಜನ ಏಳು ತಲೆಮಾರನ್ನೂ ಎಳೆದು ಬೈದರು. ಆರನೇ ಮಹಡಿಯ ಮುದುಕಿಯೊಬ್ಬಳು, ಔಷಧಿ ತರಲು ಇಳಿಯಲಾಗದೆ, ನಿನ್ನ ಮನೆ ಹಾಳಾಗ ಎಂದಳು. ಒಡತಿ ಔಷಧಿ ಹಿಡಿದು ಆರು ಮಹಡಿ ಹತ್ತಿದಳು. ಮುದುಕಿ ಅದನ್ನು ಕಸಿದುಕೊಂಡು ಬಾಗಿಲು ಹಾಕಿದಳು.

ಪರವಾನಗಿ ಇಲ್ಲದಿದ್ದರಿಂದ ಇನ್‌ಸ್ಪೆಕ್ಟರ್ ಕಳಿಸಿದವರ ಎದುರಿನಲ್ಲೇ ಮುಚ್ಚಳ ಬಿಚ್ಚಬೇಕಾಯಿತು. ಮೂರನೇ ದಿನದ ಹೊತ್ತಿಗೆ ಹದಿಮೂರು ಲಿಫ್ಟುಗಳ ಬ್ರೇಕು ಸವೆದಿರುವುದು ಕಂಡಿತು. ಒಂದು, ಮಕ್ಕಳ ಡಾಕ್ಟರರ ಕಟ್ಟಡದ್ದು. ತಮ್ಮ ಆ ಲಿಫ್ಟುಗಳ ಪಟ್ಟಿಯನ್ನು ಎರಡೆರಡು ಸಲ ಓದಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಈ ಸಲ ಅವನೇ ಎತ್ತಿದ.

"ಹೌದು ಸಾರ್," ಎಂದ. "ತಪ್ಪು ನಮ್ಮದೇ."

ಎರಡು ತಿಂಗಳ ನಂತರ ಪರವಾನಗಿ ಮರಳಿ ಸಿಕ್ಕಾಗ ಹತ್ತೊಂಬತ್ತು ಕಟ್ಟಡಗಳಷ್ಟೇ ಉಳಿದಿದ್ದವು. ಏಳು ಜನ ಮೆಕ್ಯಾನಿಕ್‌ಗಳು ಬೇರೆ ಕೆಲಸ ನೋಡಿಕೊಂಡಿದ್ದರು. ಕೇಸು ಇನ್ನೂ ನಡೆಯುತ್ತಿತ್ತು. ಮುಂದೇನಾಗುವುದೋ ಯಾರಿಗೂ ತಿಳಿಯದು. ದರ್ಜಿಯ ಕಟ್ಟಡದವರು ಮಾತ್ರ ಬಿಟ್ಟುಹೋಗಿರಲಿಲ್ಲ. "ಬೇರೆಯವರ ಕಾರ್ಡಲ್ಲಿ ಯಾವ ತಾರೀಖು ಇರುತ್ತೋ ಯಾರಿಗೆ ಗೊತ್ತಮ್ಮ," ಎಂದಿದ್ದ ವಾಚ್‌ಮನ್.

ಈಗ ಕಾರ್ಡು ಮೋಟಾರ್ ರೂಮಿನಲ್ಲಿರುವುದಿಲ್ಲ. ಲಿಫ್ಟಿನ ಒಳಗೇ, ಎಲ್ಲರ ಕಣ್ಣಿಗೆ ಬೀಳುವಂತೆ ತೂಗುತ್ತದೆ. ದರ್ಜಿಯ ಕಟ್ಟಡದಲ್ಲಿ ಲಿಫ್ಟು ಮತ್ತೆ ಶುರುವಾದ ದಿನ ಒಡತಿ ಅದಕ್ಕೆ ಸಹಿ ಮಾಡಿ ತಿರುಗಿದಾಗ ಊರುಗೋಲು ಹಿಡಿದು ದರ್ಜಿ ನಿಂತಿದ್ದಳು. ಒಡತಿ ಆಸ್ಪತ್ರೆಗೆ ಎಷ್ಟು ಸಲ ಹೋದರೂ ದರ್ಜಿ ಅವಳೊಡನೆ ಒಂದು ಮಾತೂ ಆಡಿರಲಿಲ್ಲ.

ದರ್ಜಿ ಹೊರಗಿನಿಂದಲೇ ಬಾಗಿ ಕಾರ್ಡು ಓದಿದಳು. ಸಹಿಯ ಮೇಲೆ ಹೆಬ್ಬೆರಳು ಉಜ್ಜಿದಳು. ಶಾಯಿ ಹರಡಿ ಬೆರಳಿಗೆ ಹತ್ತಿತು.

"ಇವತ್ತು ಹಾಕಿದ್ದೇ," ಎಂದಳು. ಆಮೇಲೆ ಮೆಟ್ಟಿಲ ಕಡೆ ತಿರುಗಿದಳು. "ಆದ್ರೆ ಈ ಲಿಫ್ಟು ನನ್ನ ಕೈಲಿ ಹತ್ತೋಕಾಗಲ್ಲ."

ಒಡತಿ ಹಿಂದೆಯೇ ನಡೆದಳು. ಊರುಗೋಲು, ಕಾಲು, ಮತ್ತೆ ಊರುಗೋಲು. ಆಸರೆಗೆ ಕೈ ಚಾಚಿದಾಗ ದರ್ಜಿ ಅದನ್ನು ತಳ್ಳಿದಳು. ಒಡತಿ ಕೈ ಹಿಂತೆಗೆದುಕೊಂಡು, ಒಂದು ಮೆಟ್ಟಿಲು ಕೆಳಗೇ ಉಳಿದು ಹಿಂಬಾಲಿಸಿದಳು.

ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲ ಮುಂದೆ ದರ್ಜಿ ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ, ತಿರುಗಿ ನೋಡದೆಯೇ, ಹೆಗಲ ಮೇಲಿದ್ದ ಬಟ್ಟೆಯ ಚೀಲವನ್ನು ಇಳಿಸಿ ಹಿಂದಕ್ಕೆ ಚಾಚಿದಳು.

"ಹಿಡ್ಕೊಳ್ಳಿ," ಎಂದಳು. "ಇನ್ನೊಂದು ಮಹಡಿ ಇದೆ."