ಜಂಕ್ಷನ್ನನ ತಾಟು

ಲುಂಬಿನಿ ಮತ್ತೊಮ್ಮೆ ಸೋಪು ಹಚ್ಚಿ ಉಜ್ಜಿದಳು. ಜಂಕ್ಷನ್ನನ ಮೈಯಿಂದ ಇಳಿದ ಬೂದು ನೀರು ಶೆಡ್ಡಿನ ಬಾಗಿಲು ದಾಟಿ, ರಸ್ತೆ ದಾಟಿ, ಕಾಗಿಣಾ ಹೊಳೆಯನ್ನೇ ಸೇರಿ ಅಲ್ಲಿಯ ಮೀನುಗಳಿಗೆ ಕೆಮ್ಮು ಹಿಡಿಸಿರಬೇಕು. ನಮ್ಮ ಕಡೆಯ ಸಿಮೆಂಟು ಧೂಳು ಅಂಥಿಂಥದ್ದಲ್ಲ. ವಾಡಿಯ ಗಾಳಿ ಕುಡಿದು ಬೆಳೆದ ನಾಯಿಯನ್ನು ಒಂದು ಮಳೆಯಲ್ಲಿ ಸುಮ್ಮನೆ ನಿಲ್ಲಿಸಿದರೆ ಸಾಕು, ಬಿಸಿಲು ಬಿದ್ದಾಗ ಅದು ಪುತ್ಥಳಿ. ಅನಾವರಣಕ್ಕೆ ಮಂತ್ರಿಗಳನ್ನು ಕರೆಯುವುದಷ್ಟೇ ಬಾಕಿ.

"ಸುಮ್ನ ನಿಂದ್ರೋ ಯಪ್ಪಾ," ಎಂದಳು ಲುಂಬಿನಿ. "ಸೇಡಂದಿಂದ ಮಂದಿ ಬರ್ಲಾಕತ್ತಾರ. ಇವತ್ತರ ಜರಾ ಸಂಭಾವಿತರ ಹಂಗ ಕಾಣು."

ಜಂಕ್ಷನ್ ಸಂಭಾವಿತನಂತೆಯೇ ನಿಂತ. ಬಾಲ ಮಾತ್ರ ಮಾತು ಕೇಳಲಿಲ್ಲ.

ಶಹಾಬಾದಿನಲ್ಲಿ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುತ್ತಿದ್ದ ಒಂದು ಶೆಡ್ಡು ಮುಚ್ಚಿದಾಗ ಲುಂಬಿನಿ ಅದನ್ನು ಬೀದಿನಾಯಿಗಳಿಗೆ ಆಸರೆಯ ಮನೆ ಮಾಡಿದ್ದಳು. ಅಲ್ಲಿದ್ದ ನಾಯಿಗಳಲ್ಲೆಲ್ಲ ಜಂಕ್ಷನ್ ಹಿರಿಯ. ಹುಟ್ಟಿದ್ದು ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ. ಭೂಮಂಡಲದ ಎಲ್ಲ ರೈಲುಗಳೂ ಒಮ್ಮೆಯಾದರೂ ವಾಡಿಯಲ್ಲಿ ನಿಂತೇ ಮುಂದೆ ಹೋಗುತ್ತವೆ, ಇದು ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಅವನು ತಿನ್ನದ ಇಡ್ಲಿಯಿಲ್ಲ, ಮೂಸದ ಟ್ರಂಕಿಲ್ಲ. ಇಷ್ಟೆಲ್ಲ ಲೋಕಾನುಭವ ಇದ್ದರೂ ಅವನಿಗೆ ಒಂದು ಮನೆ ಮಾತ್ರ ದಕ್ಕಿರಲಿಲ್ಲ.

ಜನ ಒಯ್ಯಲಿಲ್ಲ ಎಂದಲ್ಲ. ಒಯ್ದರು, ತಿರುಗಿ ಕಳಿಸಿದರು. ಕೋಡ್ಲಾದ ಸಿಮೆಂಟು ಕಾರ್ಖಾನೆಯ ನೌಕರನೊಬ್ಬ ಒಯ್ದ; ಪಾಳಿ ಬದಲಾಗುವ ಸೈರನ್ ಕೂಗಿದಾಗಲೆಲ್ಲ ಜಂಕ್ಷನ್ ರೈಲು ಬಂತೆಂದು ತಾನೂ ಕೂಗಿದ. ಅದು ಎಂಥ ಕೂಗೆಂದರೆ, ಕೆಲಸಗಾರರು ಸೈರನ್ನು ಬಿಟ್ಟು ಅವನನ್ನೇ ನಂಬಿ ಮನೆಗೆ ಹೋಗತೊಡಗಿದರು. ಚಿತ್ತಾಪುರದ ಕಿರಾಣಿ ಅಂಗಡಿಯವರು ಕಾವಲಿಗೆಂದು ಒಯ್ದರು. ಬೀಗ ಮುರಿಯಲು ಬಂದವನನ್ನು ಜಂಕ್ಷನ್ ಬಾಲ ಅಲ್ಲಾಡಿಸಿ ದುಡ್ಡಿನ ಗಲ್ಲೆಯವರೆಗೂ ಕರೆದುಕೊಂಡು ಹೋದ. ಕುಂಚಾವರಂನ ರೈತರೊಬ್ಬರು ಒಯ್ದರು. ಅಲ್ಲಿ ಎಲ್ಲರದೂ ತೆಲುಗು. ಜಂಕ್ಷನ್ ತೆಲುಗು ಪೂರಾ ಕಲಿತು, ಯಾರ ಮಾತನ್ನೂ ಕೇಳದೆ ತಿರುಗಿ ಬಂದ.

ಪ್ರತಿ ಸಲವೂ ತಿರುಗಿ ತಂದದ್ದು ಸಿರಾಜುದ್ದೀನನ ಆಟೋ. ಮೊದಲ ಸಲ ಜಂಕ್ಷನ್ನನನ್ನು ಎತ್ತಿ ಹಾಕಬೇಕಾಯಿತು. ಆಮೇಲೆ ಆ ಆಟೋದ ಫಟಫಟ ಕೇಳಿದರೆ ಸಾಕು, ಜಂಕ್ಷನ್ ತಾನೇ ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಕುಳಿತುಬಿಡುತ್ತಿದ್ದ.

ಅದೇ ಆಟೋದಲ್ಲಿ ಈಗ ಸೇಡಂನ ಬಸವಂತರಾಯರು, ವಿಮಲಾಬಾಯಿ ಬಂದಿಳಿದರು. ರಾಯರು ಭೂಮಾಪನ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅಳೆದೂ ಅಳೆದೂ ತಾಲ್ಲೂಕನ್ನೇ ಸವೆಸಿದ್ದಾರೆಂದು ಜನ ಹೇಳುತ್ತಾರೆ. ಆದರೆ ಮನೆಯಲ್ಲಿ ಗೆರೆ ಎಳೆಯುವವರು ವಿಮಲಾಬಾಯಿ. ಅವರ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯನ್ನೆಲ್ಲ ಮಂಗಗಳು ತಿಂದು, ಉಪ್ಪು ಕಮ್ಮಿಯಾಗಿದೆ ಎಂದು ಮುಖ ಬೇರೆ ಕಿವುಚುತ್ತಿದ್ದವು.

"ಮಂಗ್ಯಾ ಓಡಸೋ ನಾಯಿ ಬೇಕು ನೋಡವಾ," ಎಂದರು ವಿಮಲಾಬಾಯಿ, ಶೆಡ್ಡಿನ ಮೂಲೆಯಲ್ಲಿದ್ದ ಎತ್ತರದ ಕರಿ ನಾಯಿಯನ್ನು ನೋಡುತ್ತ. "ಅದು ಚಲೋ ಅದ. ಈ ಬೂದಿ ಬಣ್ಣದ್ದು ಯಾತರದು?"

"ತೊಳದೀನ್ರಿ, ಇನ್ನಾ ಒಣಗಿಲ್ಲ," ಎಂದಳು ಲುಂಬಿನಿ. ಸುಳ್ಳು ಹೇಳಲು ಬಾರದ ಹುಡುಗಿ. ಆ ಕೊರತೆಯನ್ನು ಸಿರಾಜುದ್ದೀನ ತುಂಬಿದ.

"ಬಾಯರ್ರಿ, ವಾಡಿ ಸ್ಟೇಶನ್ದಾಗ ಒಂದರ ಮಂಗ್ಯಾ ನೋಡೀರೇನು?"

"ಇಲ್ಲಪಾ."

"ಮತ್ತ? ಅದು ಯಾರ ಕೆಲಸ ಅಂತೀರಿ?" ಎಂದು ಜಂಕ್ಷನ್ನನ ಕಡೆ ಗಂಭೀರವಾಗಿ ನೋಡಿದ. ಜಂಕ್ಷನ್ ಆಕಳಿಸಿದ.

"ನಮ್ಮದು ಲಿಂಗವಂತರ ಮನಿ," ಎಂದರು ವಿಮಲಾಬಾಯಿ. "ಎಲುಬು ಗಿಲುಬು ನಡೆಂಗಿಲ್ಲ. ಆ ಕರಿದಕ್ಕ ಏನು ಹಾಕ್ತಿ?"

"ಎಲ್ಲಕ್ಕೂ ರೊಟ್ಟಿ, ಬ್ಯಾಳಿನೇರಿ. ಈಗ ಊಟದ ಹೊತ್ತು, ನೀವೇ ನೋಡ್ರಿ."

ಲುಂಬಿನಿ ಜೋಳದ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿ ತಾಟುಗಳಿಗೆ ಹಾಕಿದಳು. ಕರಿ ನಾಯಿ ತಾಟನ್ನು ಬೋರಲು ಹಾಕಿ, ಅರ್ಧ ತಿಂದು, ಉಳಿದರ್ಧದ ಮೇಲೆ ಮಲಗಿತು. ಜಂಕ್ಷನ್ ಹಾಗೆ ಮಾಡಲಿಲ್ಲ. ಲುಂಬಿನಿ ಕೈ ಹಿಂದೆ ತೆಗೆಯುವವರೆಗೆ ಕಾದ. ಒಂದು ಚೂರೂ ಹೊರಗೆ ಬೀಳದಂತೆ ತಿಂದ. ತಾಟನ್ನು ನೆಕ್ಕಿದ. ಆಮೇಲೆ ತಲೆಯೆತ್ತಿ ಅವಳನ್ನೇ ನೋಡುತ್ತ ಕುಳಿತ. ಅವಳು ಅದೇ ತಾಟಿಗೆ ಒಂದು ಮಗ್ಗು ನೀರು ಸುರಿದಳು. ತಾಟಿನ ಅಂಚಿಗೆ ಅಂಟಿದ್ದ ಬೇಳೆಯೂ ಕರಗುವ ಹಾಗೆ, ಸುತ್ತ ನಾಲಿಗೆ ಆಡಿಸಿ, ಕೊನೆಯ ಹನಿಯವರೆಗೆ ಕುಡಿದ.

ಬಸವಂತರಾಯರ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕಡೆ ಹೋಯಿತು.

"ವಿಮಲಾ, ನೋಡಿದ್ಯೇನು?"

"ಏನದು?"

"ತಾಟು ತೊಳದು ಕುಡೀತು, ನಮ್ಮ ಹಿರ್ಯಾರ ನೇಮದ ಹಂಗ. ಪ್ರಸಾದ ಕೆಡಿಸ್ಲಿಲ್ಲ. ನಿಮ್ಮ ತಮ್ಮ ದೊಡ್ಡ ಮಾಸ್ತರ ಅದಾನ, ಉಂಡ ತಾಟಿನ್ಯಾಗ ಕೈ ತೊಳೀತಾನ."

"ನಮ್ಮ ತಮ್ಮನ ಸುದ್ದಿ ಈಗ ಯಾಕ?"

"ಹೋಲಿಸಿ ನೋಡು ಅಂದೆ. ಇದು ಯಾರೋ ಶರಣರ ಮನ್ಯಾಗ ಬೆಳದದ್ದು. ಮಂದಿ ಬಣ್ಣ ನೋಡಿ ಬಿಟ್ಟಾರ."

ಶೆಡ್ಡಿನಲ್ಲಿ ನೀರಿಗೆ ಬೇರೆ ಬೋಗುಣಿಗಳಿರಲಿಲ್ಲ, ಅದಕ್ಕೇ ತಾಟು ಖಾಲಿಯಾದ ಮೇಲೆ ಅದರಲ್ಲೇ ನೀರು ಸುರಿಯುವುದು ಅಲ್ಲಿಯ ರೂಢಿ ಎಂದು ಹೇಳಲು ಲುಂಬಿನಿ ಬಾಯಿ ತೆರೆದಳು. ಸಿರಾಜುದ್ದೀನನಿಗೆ ಅದೇ ಗಳಿಗೆಗೆ ಕೆಮ್ಮು ಬಂತು. ಕಲ್ಲಿನ ಕ್ವಾರಿಯಲ್ಲಿ ಬಂಡೆ ಸಿಡಿದಂಥ ಕೆಮ್ಮು. ಲುಂಬಿನಿ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಬುದ್ಧನನ್ನು ನೋಡಿದಳು. ಆತನೂ ಕಣ್ಣು ಮುಚ್ಚಿಕೊಂಡೇ ಇದ್ದ.

ಜಂಕ್ಷನ್ ಸೇಡಂಗೆ ಹೊರಟ.

ಸೇಡಂನ ಮಂಗಗಳ ವಿಚಾರ ನಿಮಗೆ ಗೊತ್ತಿರಲಿಕ್ಕಿಲ್ಲ. ಅವುಗಳ ಮುಖಂಡ ಎಮ್ಮೆಯ ಕರುವಿನಷ್ಟಿದ್ದ. ಅವನು ಜಿಗಿದರೆ ಬೇವಿನ ಮರ ನಮಸ್ಕಾರ ಮಾಡುತ್ತಿತ್ತು. ಮರುದಿನ ಬೆಳಿಗ್ಗೆ ಅವನು ಪರಿವಾರ ಸಮೇತ ಮಾಳಿಗೆಗೆ ಇಳಿದಾಗ ಜಂಕ್ಷನ್ ಎದ್ದು ನಿಂತ. ವಿಮಲಾಬಾಯಿ ಮೆಟ್ಟಿಲ ಮೇಲೆ ಉಸಿರು ಹಿಡಿದು ನೋಡಿದರು. ಜಂಕ್ಷನ್ ಮಂಗಗಳನ್ನು ನೋಡಿದ, ಸಂಡಿಗೆಯನ್ನು ನೋಡಿದ. ರೈಲು ಬಂದಾಗ ಪ್ಲಾಟ್‌ಫಾರ್ಮಿನಲ್ಲಿ ಹಾದಿ ಬಿಡುವಂತೆ ಒಂದು ಬದಿಗೆ ಸರಿದು ನಿಂತ.

ವಾರ ತುಂಬುವುದರಲ್ಲಿ ಮಂಗಗಳು ಸಂಡಿಗೆ ತಿಂದಾದ ಮೇಲೆ ಅವನ ಮೈಯಲ್ಲಿ ಹೇನು ಹುಡುಕತೊಡಗಿದವು. ಜಂಕ್ಷನ್ ಕಣ್ಣು ಮುಚ್ಚಿ, ಕಾಲು ಚಾಚಿ ಮಲಗಿರುತ್ತಿದ್ದ.

"ಮನಿ ಕಾಯಲಾಕ ತಂದ್ರ ಇದು ಕ್ಷೌರದ ಅಂಗಡಿ ತಗದದ," ಎಂದರು ವಿಮಲಾಬಾಯಿ. "ಈ ಮಾಘದ ಕುರಡಗಿ, ಹಪ್ಪಳ ಎಲ್ಲಾ ಹೋತು. ತಾಟು ತೊಳದು ಕುಡದ್ರ ಹೊಟ್ಟಿ ತುಂಬ್ತದೇನು ನಮ್ದು? ಸಿರಾಜಗ ಫೋನ್ ಮಾಡ್ರಿ, ಒಯ್ದು ಆ ಕರಿದನ್ನ ತರ್ಲಿ."

ರಾಯರು ಏನೋ ಹೇಳಲು ಹೋಗಿ, ಹೆಂಡತಿಯ ಮುಖ ಅಳೆದು, ಫೋನು ಮಾಡಿದರು.

ಆಟೋ ಬಂದಾಗ ಮಧ್ಯಾಹ್ನ. ಜಂಕ್ಷನ್ ಅಂಗಳದಲ್ಲಿ ಉಣ್ಣುತ್ತಿದ್ದ. ಓಣಿಯ ತಿರುವಿನಲ್ಲಿ ಫಟಫಟ ಕೇಳಿತು. ಅವನ ಕಿವಿ ನಿಮಿರಿದವು. ತಾಟಿನಿಂದ ಬಾಯಿ ತೆಗೆದ. ಗೇಟಿನ ಕಡೆ ನೋಡಿದ, ಬಾಗಿಲಲ್ಲಿ ನಿಂತ ವಿಮಲಾಬಾಯಿಯನ್ನು ನೋಡಿದ. ಆಮೇಲೆ ನಡೆದು ಹೋಗಿ, ಯಾರೂ ಕರೆಯುವ ಮೊದಲೇ, ಆಟೋದ ಹಿಂದಿನ ಸೀಟು ಹತ್ತಿ ಮುಂದಕ್ಕೆ ಮುಖ ಮಾಡಿ ಕುಳಿತ.

ಸಿರಾಜುದ್ದೀನ ಇಂಜಿನ್ ಬಂದ್ ಮಾಡಿದ. "ಇದಕ್ಕ ರೂಢಿ ಆಗ್ಯದ್ರಿ," ಎಂದ ಸಣ್ಣ ದನಿಯಲ್ಲಿ.

ರಾಯರು ಒಳಗೆ ತೂಗುಮಂಚದ ಮೇಲೆ ಪೇಪರು ಹಿಡಿದು ಕೂತಿದ್ದರು. ಹಾಳೆ ಮಗುಚುವ ಸದ್ದು ಬರಲಿಲ್ಲ. ವಿಮಲಾಬಾಯಿ ಅಂಗಳದ ತಾಟು ನೋಡಿದರು. ಅರ್ಧ ರೊಟ್ಟಿ ಹಾಗೇ ಇತ್ತು.

"ಇಳಿ," ಎಂದರು.

ಜಂಕ್ಷನ್ ಅಲುಗಲಿಲ್ಲ.

"ಏ ಇಳಿಯೋ. ನಾ ಈ ಮನಿ ತುಂಬಿದಾಗಿನಿಂದ ಇಲ್ಲಿ ಯಾರೂ ತಾಟು ಬಿಟ್ಟು ಎದ್ದಿಲ್ಲ. ಬೀಗರೊಳಗ ಜಗಳಾದಾಗನೂ ಎದ್ದಿಲ್ಲ. ಉಂಡು ಹೋಗು."

ಸಿರಾಜುದ್ದೀನ ಸೀಟು ತಟ್ಟಿದ. ಜಂಕ್ಷನ್ ಇಳಿದು, ತಲೆ ತಗ್ಗಿಸಿಕೊಂಡು ಬಂದು, ಬಿಟ್ಟದ್ದನ್ನು ತಿಂದ. ತಾಟು ನೆಕ್ಕಿದ. ತಲೆಯೆತ್ತಿ ಕಾದ.

ವಿಮಲಾಬಾಯಿ ಒಳಗಿಂದ ತಂಬಿಗೆ ತಂದು ತಾಟಿಗೆ ನೀರು ಹಾಕಿದರು. ಸಿರಾಜುದ್ದೀನನಿಗೆ ಚಹಾ ಕೊಟ್ಟರು. ಅವನು ಕಟ್ಟೆಯ ಮೇಲೆ ಕೂತು, ಹಾಲಿನ ಕೆನೆಯಂಥ ಆ ಚಹಾವನ್ನು ಊದಿ ಊದಿ ಕುಡಿದ. ಜಂಕ್ಷನ್ನನ ತಾಟು ಬರಿದಾಗುತ್ತ ಬಂತು. ವಿಮಲಾಬಾಯಿ ಮತ್ತೆ ಸ್ವಲ್ಪ ನೀರು ಹಾಕಿದರು.

"ಒಯ್ಯಲೇನ್ರಿ ಬಾಯರ?" ಎಂದ ಸಿರಾಜುದ್ದೀನ, ಕಪ್ಪು ಕೆಳಗಿಟ್ಟು.

"ಕುಡ್ಯಾಕತ್ತಾನ, ಕಾಣಸಲ್ಲೇನು?"

"ಕಾಣಸ್ತದ್ರಿ."

"ನಿಂದು ಬ್ಯಾರೆ ಬಾಡಿಗಿ ಇದ್ರ ಹೋಗು. ಎಟ್ಟೊತ್ತಂತ ಕುಂದ್ರತಿ."

ಸಿರಾಜುದ್ದೀನ ಎದ್ದು ಆಟೋ ಚಾಲೂ ಮಾಡಿದ. ಜಂಕ್ಷನ್ನನ ಕಿವಿ ನಿಮಿರಿದವು. ಗೇಟಿನ ಕಡೆ ಒಮ್ಮೆ ನೋಡಿದ. ತಂಬಿಗೆಯಿಂದ ತಾಟಿಗೆ ಇನ್ನಷ್ಟು ನೀರು ಬಿತ್ತು. ಅವನು ತಲೆ ಬಗ್ಗಿಸಿದ. ಫಟಫಟ ಓಣಿಯ ತಿರುವು ದಾಟಿ ಸಣ್ಣದಾಯಿತು. ಮೇಲೆ, ಮಾಳಿಗೆಯ ಅಂಚಿನಲ್ಲಿ, ಮಂಗಗಳ ಮುಖಂಡ ಸಂಡಿಗೆ ಹಿಡಿದ ಕೈಯನ್ನು ಬಾಯಿಗೆ ಒಯ್ಯದೆ ಕೆಳಗೆ ನೋಡುತ್ತ ಕುಳಿತಿದ್ದ.