ಟ್ರಂಪೆಟ್‌ಗಳ ನಡುವೆ ಬಿದ್ದ ಟ್ರೇ

ಮುಂಬೈ ಬಾಂದ್ರಾದ ಹೋಟೆಲೊಂದರಲ್ಲಿ ಬಿಗ್ ಬ್ಯಾಂಡ್ ಒಂದು ಸ್ವಿಂಗ್ ಜಾಝ್ ನುಡಿಸುತ್ತಿದ್ದಾಗಲೇ ಮುದ್ರಿಸಿಕೊಂಡ ಹಳೆಯ ರೆಕಾರ್ಡ್ ಅದು. ಟ್ರಂಪೆಟ್‌ಗಳ ನಡುವೆ ಟ್ರೇ ಬಿದ್ದ ಸದ್ದು, ಬೆನ್ನಿಗೇ ಅಲ್ಲಿ ವೇಟರ್ ಆಗಿದ್ದ ಅಪ್ಪನ ತುಳು ಉದ್ಗಾರ, "ಅಯ್ಯೋ ದೇವೆರೇ!" ಅಂಗಾರನಿಗೆ ಅಪ್ಪನ ದನಿ ಅಂತ ಉಳಿದದ್ದು ಅಷ್ಟೇ.

ಚೆಂಬೂರಿನಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದ ಹಿತೇಶ್ ಅದನ್ನು ಕಂಪ್ಯೂಟರಿಗೆ ಇಳಿಸಿ ಕೇಳಿಸಿದ. ತೊಳೆದಿಟ್ಟಂಥ ಸಂಗೀತ; ಅಪ್ಪ ಮಾತ್ರ ಇಲ್ಲ!

"ಬದಲಾಯಿಸಿದ್ದೀಯಾ ಮಾರಾಯ? ನನ್ನದನ್ನು ಯಾರಿಗೆ ಕೊಟ್ಟೆ?"

"ಕಸಮ್ ಸೆ ಅಂಕಲ್, ನಿಮ್ದೇ! ಕರಕರ, ಗಲಾಟೆ ಎಲ್ಲ ಸಾಫ್ ಮಾಡಿದೆ, ಬಸ್, ಅಷ್ಟೇ."

"ಹಾಗಾದ್ರೆ ನನ್ನೆದುರೇ ರೆಕಾರ್ಡ್ ಹಾಕು, ನೋಡುವ."

ಮುಳ್ಳು ಕರಕರ ಎಂದಿತು. ಟ್ರೇ ಬಿತ್ತು. "ಅಯ್ಯೋ ದೇವೆರೇ!"

ಅಂಗಾರ ಕಣ್ಣೊರೆಸಿಕೊಂಡು ರೆಕಾರ್ಡನ್ನು ತಾನೇ ಚೀಲಕ್ಕೆ ಹಾಕಿಕೊಂಡ. ಆದರೂ ಲೋಕಲ್ ರೈಲು ವಡಾಲ ತಲುಪುವಷ್ಟರಲ್ಲಿ, ಅಪ್ಪ ಇದ್ದಾನಲ್ಲ ಎಂದು ಮೂರು ಸಲ ತೆರೆದು ನೋಡಿದ.