ಗಂಡನ ದನಿಗೆ ಬೆಳಗಿದ ಎಳೆಗಳು

ಕನ್ನಡಕದಂಗಡಿಯವನನ್ನು ಬೀದಿಯವರೆಲ್ಲ ಬೆಣ್ಣೆ ಎಂದೇ ಕರೆಯುತ್ತಿದ್ದರು. ನಾಲಗೆ ಅಷ್ಟು ಮೆತ್ತಗೆ. ಗಿರಾಕಿಯ ಕಿವಿಗೆ ಕನ್ನಡಕದ ಕಡ್ಡಿ ಸಿಕ್ಕಿಸುವಾಗಲೂ "ನೋವಾಯ್ತೇನಮ್ಮಾ?" ಎಂದು ಕೇಳುವ ಮನುಷ್ಯ. ಮನೆ ಬಾಗಿಲು ಹಾಕಿಕೊಂಡ ಮೇಲೆ ಅವನ ಕೈ ಏನು ಮಾಡುತ್ತಿತ್ತೆಂಬುದು ಹೆಂಡತಿಯೊಬ್ಬಳಿಗೇ ಗೊತ್ತು. ದನಿ ಏರಿಸುತ್ತಿರಲಿಲ್ಲ, ನಗುನಗುತ್ತಲೇ ಹೊಡೆಯುತ್ತಿದ್ದ. ಕೊನೆಗೊಂದು ದಿನ ಮಹಡಿ ಮೆಟ್ಟಿಲ ಮೇಲಿಂದ ಅವಳನ್ನು ನೂಕಿಬಿಟ್ಟ. ಕಾಲು ಜಾರಿ ಬಿದ್ದಳೆಂದು ಗೋಳಾಡಿದ. ಎಲ್ಲರೂ ನಂಬಿದರು. ಅತ್ತೆಯಂತೂ ಮಗಳಿಗಿಂತ ಮೊದಲು ಅಳಿಯನನ್ನೇ ಸಂತೈಸಿದಳು.

ಅಂದಿನಿಂದ ಅವಳು ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ ಗೊಂಬೆ. ಕೈಕಾಲು ಆಡದು, ಕರೆದರೆ ರೆಪ್ಪೆಯೂ ಮಿಸುಕದು.

ಹೊಸದಾಗಿ ಬಂದ ನರವೈದ್ಯೆ ಅತ್ತೆ, ಅಳಿಯ ಇಬ್ಬರನ್ನೂ ಕರೆಸಿದಳು. "ಮಿದುಳಿನೊಳಗೆ ಅಲ್ಲಿಂದಿಲ್ಲಿಗೆ ಸುದ್ದಿ ಒಯ್ಯೋ ನರದ ಎಳೆಗಳಿರ್ತವೆ. ಅವು ಕೆಲಸ ಮಾಡ್ತಿದ್ರೆ ಸ್ಕ್ಯಾನಿಂಗ್‌ನಲ್ಲಿ ಕೆಂಪಗೆ ಕಾಣುತ್ತೆ. ನಿಮ್ಮ ದನಿ ಕೇಳಿಸಿ ನೋಡೋಣ."

ಅವಳಿಗೆ ಕೇಳಿಸುತ್ತಿದ್ದರೆ ಏನು ಗತಿಯೆಂದು ಬೆಣ್ಣೆ ಹೆದರಿದ. ಬೇಡವೆಂದರೆ ಅನುಮಾನ ಬಂದೀತೆಂದು ತಲೆಯಾಡಿಸಿದ.

ಗಾಜಿನಾಚೆ ಯಂತ್ರದ ಕೊಳವೆಯೊಳಗೆ ಹೆಂಡತಿ. ಈಚೆ ಮೈಕು, ಪರದೆ. ಮೊದಲು ಅತ್ತೆ ಮಾತಾಡಿದಳು: "ಪುಟ್ಟೀ, ನಾನು ಕಣೇ, ಅಮ್ಮ." ಪರದೆಯಲ್ಲಿ ಒಂದೆರಡು ಎಳೆ ಮಸುಕಾಗಿ ಮಿನುಗಿದವು.

ಬೆಣ್ಣೆ ಮೈಕಿಗೆ ಬಾಗಿ, "ಚಿನ್ನಾ, ನಾನು ಬಂದಿದ್ದೀನಿ" ಎಂದ.

ಎಳೆಗಳೆಲ್ಲ ಭಗ್ಗನೆ ಹೊತ್ತಿಕೊಂಡಂತೆ ಕೆಂಪಾದವು.

"ಕೇಳಿಸ್ತಿದೆ! ಅವರಿಗೆ ಎಲ್ಲಾ ಕೇಳಿಸ್ತಿದೆ!" ವೈದ್ಯೆ ಕುರ್ಚಿ ಬಿಟ್ಟೆದ್ದಳು.

ಅತ್ತೆ ಅಳಿಯನ ಎರಡೂ ಕೈ ಹಿಡಿದುಕೊಂಡಳು. "ನೋಡಿದ್ರಾ ಅಳಿಯಂದ್ರೇ, ಹೆತ್ತವಳಿಗಿಂತ ಕಟ್ಟಿಕೊಂಡವರೇ ಹೆಚ್ಚು!"

ಅವನು ತಡವರಿಸಿ ಕೇಳಿದ: "ಡಾಕ್ಟ್ರೇ, ಅವಳಿಗೆ ಖುಷಿಯಾಯ್ತೋ, ಭಯವಾಯ್ತೋ... ಅದೂ ಗೊತ್ತಾಗುತ್ತಾ?"

"ಅದಾಗಲ್ಲ. ಒಳಗೆ ಏನನ್ನಿಸ್ತು ಅನ್ನೋದನ್ನ ಅವರೇ ಹೇಳ್ಬೇಕು."

ಬೆಣ್ಣೆಗೆ ಹೋದ ಜೀವ ಬಂದಂತಾಯಿತು.

"ದಿನಾ ಬಂದು ಮಾತಾಡಿ," ಎಂದಳು ವೈದ್ಯೆ. "ನಿಮ್ಮ ದನೀನೇ ಔಷಧಿ."

ಹೆಂಡತಿಯನ್ನು ಕೋಣೆಗೆ ತಂದು ಮಲಗಿಸಿದ ಮೇಲೆ, "ಗಂಡಹೆಂಡಿರ ನಡುವೆ ನಾನ್ಯಾಕೆ" ಎನ್ನುತ್ತ ಅತ್ತೆ ತಾನೇ ಬಾಗಿಲೆಳೆದುಕೊಂಡು ಹೋದಳು. ಬೆಣ್ಣೆ ಸ್ಟೂಲು ಎಳೆದು ಕೂತ. ಹೆಂಡತಿಯ ಹಣೆಯ ಕೂದಲು ಸರಿಸಿ, ಕಿವಿಗೆ ಬಾಯಿಟ್ಟ.

"ಇಷ್ಟು ದಿನ ಗೋಡೆ ಜೊತೆ ಮಾತಾಡ್ತಿದ್ದೀನಿ ಅಂದ್ಕೊಂಡಿದ್ದೆ. ನೀನು ಒಳಗೇ ಇದ್ದೀಯಲ್ಲೇ! ಮೆಟ್ಟಿಲ ಹತ್ರ ಏನಾಯ್ತು ಹೇಳ್ಲಾ? ನೆನಪಿದೆ ತಾನೇ?"

ಒಂದೊಂದನ್ನೂ ಬಿಡಿಸಿ ಬಿಡಿಸಿ, ಮಗುವಿಗೆ ಕಥೆ ಹೇಳುವಂತೆ ಹೇಳಿದ. ಅವಳ ಕಣ್ಣಂಚಿನಿಂದ ನೀರಿಳಿಯಿತು. ಹೊರಗಿಂದ ಇಣುಕಿದ ಅತ್ತೆ ಅದನ್ನು ಕಂಡು, "ಇಂಥ ಗಂಡ ಎಷ್ಟು ಜನಕ್ಕೆ ಸಿಗ್ತಾನೆ!" ಎಂದು ನರ್ಸಿನ ಮುಂದೆ ಕಣ್ಣೊರೆಸಿಕೊಂಡಳು.

ಮುಂದಿನ ಸಲದ ಚಿತ್ರದಲ್ಲಿ ಎಳೆಗಳು ಇನ್ನೂ ಕೆಂಪಾಗಿ ಉರಿದವು. ವೈದ್ಯೆ ಖುಷಿಯಿಂದ, ಅವನು ಸಂಜೆ ಹೊತ್ತೂ ಬರಬಹುದೆಂದು ಒಪ್ಪಿಗೆ ಕೊಟ್ಟಳು.